ಕೂಸಿಗೆ ಎರೆಯುವ ನೀರು

ನ್ಯೂಜಿಲೆಂಡಿನ ಟೌರಂಗಾದ ವಾಮನರಾಯರಿಗೆ ಒಂದು ಕನಸು ಆಗಾಗ ಬೀಳುತ್ತಿತ್ತು. ಆ ಕನಸಿನ ದೇಶದಲ್ಲಿ ಸರ್ಕಾರ ಎಂಬುದು ಊರಾಚೆಯ ಒಂದು ಸಣ್ಣ ಕೋಣೆ. ಒಳಗೆ ಒಬ್ಬ ಮುದುಕ ಕನ್ನಡಕವನ್ನು ಹಣೆಗೇರಿಸಿ ತೂಕಡಿಸುತ್ತಿರುತ್ತಾನೆ. ಕಳ್ಳ ಬಂದರೆ, ವೈರಿ ಬಂದರೆ, ರಸ್ತೆ ಕುಸಿದರೆ ಮಾತ್ರ ಅವನನ್ನು ಎಬ್ಬಿಸಬೇಕು. ಉಳಿದಂತೆ ಜನ ತಮ್ಮ ಪಾಡಿಗೆ ತಾವು ಮನೆ ಕಟ್ಟುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ನೆರೆಯವರ ಬೇಲಿ ಬಿದ್ದರೆ ಎತ್ತಿ ನಿಲ್ಲಿಸುತ್ತಾರೆ. ಎಚ್ಚರವಾದ ಮೇಲೂ ರಾಯರು ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಿದ್ದರು. ಕಿಟಕಿಯಾಚೆ ಬಂದರಿನ ಕ್ರೇನುಗಳು ಮಂಜಿನಲ್ಲಿ ಅರ್ಧ ಮುಳುಗಿರುತ್ತಿದ್ದವು. ಅವೂ ಯಾರ ಅಪ್ಪಣೆಗೂ ಕಾಯದೆ ತಮ್ಮಷ್ಟಕ್ಕೆ ನಿಂತಿವೆ ಅನ್ನಿಸುತ್ತಿತ್ತು.

ಇದು ಸುಮ್ಮನೆ ಬಂದ ಹುಚ್ಚಲ್ಲ. ರಾಯರ ಬಾಲ್ಯದಲ್ಲಿ ಸಿಮೆಂಟಿಗೂ ಪರ್ಮಿಟ್ ಬೇಕಿತ್ತು. ಧಾರವಾಡದಲ್ಲಿ ಅವರ ತಂದೆ ಮನೆಗೆ ಒಂದು ಕೋಣೆ ಸೇರಿಸಲು ಹೊರಟು, ಗೋಡೆ ಎದ್ದ ಮೇಲೆ ಸಿಮೆಂಟ್ ಸಿಗದೆ, ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದರು. ಸೂರಿಲ್ಲದ ಆ ಕೋಣೆಯಲ್ಲಿ ವಾಮನ ಅಂಗಾತ ಮಲಗಿ ಮೋಡ ನೋಡುತ್ತಿದ್ದ. ಹುಡುಗನಿಗೆ ಅದು ಸ್ವರ್ಗ. ಬಾಗಿಲಲ್ಲಿ ನಿಂತ ಅಪ್ಪನ ಮುಖದಲ್ಲಿ ಏನಿತ್ತೆಂದು ಅರ್ಥವಾಗಿದ್ದು ತಾನೂ ಅಪ್ಪನಾದ ಮೇಲೆ.

ಮುಂದೆ ಲ್ಯಾಬ್ ಟೆಕ್ನಿಶಿಯನ್ ಆಗಿ, ನ್ಯೂಜಿಲೆಂಡಿಗೆ ಬಂದು, ಆಸ್ಪತ್ರೆಯಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷಿಸಿ ನಿವೃತ್ತರಾದರು. ಪ್ರತಿ ಚುನಾವಣೆಗೂ ಅವರ ಬೇಲಿಯ ಮೇಲೆ, ಸರ್ಕಾರ ಚಿಕ್ಕದಿರಲಿ ಅನ್ನುವ ಪಕ್ಷದ ಬೋರ್ಡು ಏರುತ್ತಿತ್ತು. ಆ ಬೋರ್ಡಿನ ಅಳತೆಗೂ ಒಂದು ನಿಯಮವಿದೆ. ರಾಯರು ಟೇಪು ಹಿಡಿದು ಅಳೆದೇ ಕಟ್ಟುತ್ತಿದ್ದರು. ಕಾನೂನನ್ನು ಬೈಯುವುದು ಬೇರೆ, ಮುರಿಯುವುದು ಬೇರೆ ಎಂಬ ಜಾತಿಯ ಮನುಷ್ಯ ಅವರು. ಕೋಪ ಬಂದರೆ ಸಂಸತ್ತಿನ ಸಮಿತಿಗೆ ಸಬ್‌ಮಿಷನ್ ಎಂಬ ಅಹವಾಲು ಬರೆಯುತ್ತಿದ್ದರು. ಅದನ್ನು ಓದುವವರ ಪಾಡು ದೇವರಿಗೇ ಗೊತ್ತು.

ಹೋದ ಚಳಿಗಾಲದಲ್ಲಿ ಮನೆಯಲ್ಲಿ ನೀರು ಕಾಯಿಸಿಡುವ ಹಳೆಯ ಸಿಲಿಂಡರ್ ಟ್ಯಾಂಕು ಸೋರಿತು. ಹುಬ್ಬಳ್ಳಿ ಕಡೆಯ ಪ್ಲಂಬರ್ ಅಮ್ಜದ್ ಬಂದು ಹೊಸದನ್ನು ಕೂಡಿಸಿದ. ಜೊತೆಗೆ ಹಿತ್ತಾಳೆಯ ಒಂದು ವಾಲ್ವ್ ಹಾಕಿದ. ನಲ್ಲಿಯ ನೀರು ಕೈ ಸುಡುವಷ್ಟು ಬಿಸಿಯಾಗದಂತೆ ಅದು ತಾನೇ ತಣ್ಣೀರು ಬೆರೆಸುತ್ತದೆ. ಹೊಸ ಸಿಲಿಂಡರಿಗೆ ಅದು ಕಡ್ಡಾಯ. ವಾರ ಕಳೆಯುವುದರೊಳಗೆ ರಾಯರ ಹೆಂಡತಿ ಸುಶೀಲಾ ಗೊಣಗಲು ಶುರುಮಾಡಿದರು.

"ಏನ್ರಿ, ಈ ನೀರಿಗೆ ಬಿಸಿನ ಇಲ್ಲ. ಪಾತ್ರಿ ಜಿಡ್ಡು ಹೋಗಂಗಿಲ್ಲ, ಮೈಗೂ ಹಿತ ಇಲ್ಲ."

ರಾಯರು ಅಮ್ಜದನನ್ನು ಮತ್ತೆ ಕರೆಸಿದರು. ಅವನು ಕೈ ಮುಗಿದ. "ಅಂಕಲ್, ಅದನ್ನ ತಿರುವಿದ್ರ ನನ್ನ ಲೈಸೆನ್ಸ್ ಹೋಗತೈತಿ. ಬ್ಯಾರೆ ಏನರ ಹೇಳ್ರಿ, ಮಾಡಿಕೊಡ್ತೇನಿ."

ರಾಯರ ಮೈ ಉರಿದುಹೋಯಿತು. ಸಿಮೆಂಟ್ ಆಯಿತು, ಬೇಲಿಯ ಬೋರ್ಡು ಆಯಿತು, ಈಗ ಸರ್ಕಾರ ಬಚ್ಚಲಿಗೂ ಬಂತು! ಮನೆಯ ಹೆಣ್ಣುಮಗಳ ಕೈಗೆ ಗೊತ್ತಿರುವ ಹದ ರಾಜಧಾನಿ ವೆಲಿಂಗ್ಟನ್ನಿನ ಅಧಿಕಾರಿಗೆ ಏನು ಗೊತ್ತು ಎಂದು ಪುಟಗಟ್ಟಲೆ ಬರೆದು ಕಳಿಸಿದರು. ಅವರ ಸ್ವಂತ ಸ್ನಾನಕ್ಕೆ ಆ ನೀರು ಸಾಕಾಗಿತ್ತು ಅನ್ನುವುದು ಬೇರೆ ಮಾತು. ವಯಸ್ಸಾಯಿತು, ನನ್ನ ಚರ್ಮವೇ ಮೆತ್ತಗಾಗಿರಬೇಕು ಅಂದುಕೊಂಡು ಸುಮ್ಮನಾದರು.

ಈ ವರ್ಷ ಮಗಳು ರಶ್ಮಿತಾ ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ಹೆತ್ತು, ಬಾಣಂತನಕ್ಕೆ ತಾಯಿಯ ಹತ್ತಿರ ಬಂದಳು. ಸುಶೀಲಾ ಕೂಸು ಹುಟ್ಟುವ ಮೊದಲೇ ಎಣ್ಣೆ ಕಾಸಿ ಇಟ್ಟಿದ್ದರು. ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಚೊಂಬಿನಿಂದ ಬಿಸಿನೀರು ಎರೆಯಬೇಕು. ಅವರ ತಾಯಿ, ಅಜ್ಜಿ ಎಲ್ಲ ಮಾಡಿಕೊಂಡು ಬಂದದ್ದು. ರಶ್ಮಿತಾಗೆ ಅಂಜಿಕೆ.

"ಅಮ್ಮಾ, ಇಲ್ಲಿ ನರ್ಸ್ ಬೇಬಿ ಬಾತ್‌ಗೆ ಥರ್ಮಾಮೀಟರ್ ಯೂಸ್ ಮಾಡ್ರಿ ಅಂದಾರ."

"ನಿನಗ ಯಾವ ಥರ್ಮಾಮೀಟರ್ ಹಚ್ಚಿದ್ದೆ ನಾ? ಸುಮ್ಮನಿರು."

ಮಗಳು ಅಪ್ಪನ ಮುಖ ನೋಡಿದಳು. ರಾಯರು ತುಂಬು ವಿಶ್ವಾಸದಿಂದ, "ನಿಮ್ಮವ್ವನ ಕೈ ಅದ, ಬಿಡು," ಅಂದರು. ಆ ಮಾತಿನ ಮೇಲೆ ರಶ್ಮಿತಾ ಒಪ್ಪಿದಳು.

ನಲ್ಲಿಯ ನೀರು ಸುಶೀಲಾಗೆ ಸಾಲದು. ವಾಲ್ವ್ ಮುಟ್ಟುವುದು ರಾಯರಿಗೆ ಆಗದು. ಕಡೆಗೆ ಅವರೇ ದೊಡ್ಡ ಡಬರಿಯಲ್ಲಿ ನೀರಿಟ್ಟು ಗ್ಯಾಸ್ ಹಚ್ಚಿದರು. ಒಲೆಗೆ ಇನ್ನೂ ಕಾನೂನು ಬಂದಿಲ್ಲವಲ್ಲ! ಮರಳಿದ ನೀರನ್ನು ಬಚ್ಚಲಿಗೆ ಹೊತ್ತು ತಂದು ಬಕೆಟ್ಟಿನ ತಣ್ಣೀರಿಗೆ ಸುರಿದಾಗ ಹಬೆ ಎದ್ದು ಕನ್ನಡಿ ಮಾಯವಾಯಿತು, ಗೋಡೆ ಮಾಯವಾಯಿತು, ಕೊನೆಗೆ ನ್ಯೂಜಿಲೆಂಡೇ ಮಾಯವಾಯಿತು. ಎಣ್ಣೆಯ ವಾಸನೆ, ಓಮದ ಹೊಗೆ, ಆ ಬಿಳಿ ಹಬೆಯೊಳಗೆ ಸೆರಗು ಸಿಕ್ಕಿಸಿ ಮಣೆಯ ಮೇಲೆ ಕೂತ ಹೆಂಗಸು. ಅದು ಸುಶೀಲಾ ಹೌದೋ, ತನ್ನ ತಾಯಿಯೋ, ಎಂದೋ ಹೋದ ಅಜ್ಜಿಯೋ ರಾಯರಿಗೆ ಒಂದು ಗಳಿಗೆ ತಿಳಿಯಲಿಲ್ಲ. ತಾನು ಹುಟ್ಟಿದಾಗಿನಿಂದ ಇದೇ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದೇನೆ, ಊರುಗಳೇ ಹಿಂದೆ ಸರಿದು ಹೋಗಿವೆ ಅನ್ನಿಸಿತು. ಎಂಥ ಸುಖ ಅದು!

ಸುಶೀಲಾ ಬಕೆಟ್ಟಿನೊಳಗೆ ಮೊಣಕೈವರೆಗೂ ಕೈ ಇಳಿಸಿ, ನಿಧಾನವಾಗಿ ತಿರುವಿದರು. "ಹದ ಆಗೇದ. ಕೂಸನ್ನ ಕೊಡು."

ರಶ್ಮಿತಾ ಕೂಸಿನ ಬಟ್ಟೆ ಬಿಚ್ಚತೊಡಗಿದಳು. ಚೊಂಬು ಬಕೆಟ್ಟಿನಲ್ಲಿ ಮುಳುಗಿತ್ತು. ಎತ್ತಿಕೊಡೋಣ ಎಂದು ರಾಯರು ಬಗ್ಗಿ ಕೈ ಹಾಕಿದರು. ಹಾಕಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು. ಬೆರಳುಗಳು ಕೆಂಪಗಾಗಿದ್ದವು.

ಅದೇ ನೀರಿನಲ್ಲಿ ಸುಶೀಲಾಳ ಕೈ ಇನ್ನೂ ಆಡುತ್ತಿತ್ತು.

ಅವಳ ಕೈಗೆ ಬಿಸಿಯೇ ತಿಳಿಯುತ್ತಿಲ್ಲ. ಎಷ್ಟೋ ವರ್ಷಗಳ ಸಕ್ಕರೆ ಕಾಯಿಲೆ ಅವಳಿಗೆ. ಕಾಲು ಜೋಮು ಅನ್ನುತ್ತಿದ್ದಳು, ಕೈಯ ಮಾತು ಒಂದು ದಿನವೂ ಎತ್ತಿರಲಿಲ್ಲ. ಮೊನ್ನೆ ಕಾದ ಹಂಚನ್ನು ಬರಿಗೈಲಿ ಹಿಡಿದಾಗ, ಅಡುಗೆ ಮಾಡಿ ಮಾಡಿ ಕೈ ಗಟ್ಟಿಯಾಗಿದೆ ಎಂದು ಇವರೇ ಮೆಚ್ಚಿಕೊಂಡಿದ್ದರು. ಮನೆಯನ್ನು ಮನೆಯವರೇ ನೋಡಿಕೊಳ್ಳಬೇಕು ಎಂದು ಜಗತ್ತಿಗೆಲ್ಲ ಸಾರಿದ ಮನುಷ್ಯ!

"ರಶ್ಮಿ, ಕೂಸನ್ನ ಟವಲ್‌ನ್ಯಾಗ ಸುತ್ತಿ ಹಿಡಕೋ. ಸ್ವಲ್ಪ ತಡಿ."

"ಯಾಕ ಪಪ್ಪಾ?"

"ಇವತ್ತ ನೀರು ನಾ ಹಾಕತೇನಿ. ಎಣ್ಣಿ ತಿಕ್ಕೂದು ನಿಮ್ಮವ್ವಂದು."

ರಶ್ಮಿತಾ ನಕ್ಕಳು. ಸುಶೀಲಾ ನಗಲಿಲ್ಲ. ಗಂಡ ಬಕೆಟ್ಟನ್ನು ಖಾಲಿ ಮಾಡಿ, ನಲ್ಲಿ ತಿರುಗಿಸಿ ಹೊಸ ನೀರು ಹಿಡಿದು, ಅದಕ್ಕೆ ತಣ್ಣೀರು ಬೆರೆಸುತ್ತ, ಮತ್ತೆ ಮತ್ತೆ ತನ್ನ ಮೊಣಕೈ ಅದ್ದಿ ನೋಡುವುದನ್ನು ನೋಡುತ್ತ ಕೂತರು. ನೋಡುತ್ತ ಅವರ ಮುಖ ಬಿಳುಚಿಕೊಂಡಿತು. ಕೆಂಪಾಗಿದ್ದ ತಮ್ಮ ಕೈಯನ್ನು ಸೆರಗಿನಡಿಗೆ ಎಳೆದುಕೊಂಡರು.

ಮೊದಲ ಚೊಂಬು ಬಿದ್ದಾಗ ಕೂಸು ಬೆಚ್ಚಿತು. ಎರಡನೆಯದಕ್ಕೆ ಮುಷ್ಟಿ ಬಿಚ್ಚಿತು. ಆಮೇಲೆ ಅಜ್ಜಿಯ ಕಾಲ ಮೇಲೆ ಕಣ್ಣು ಅರೆ ಮುಚ್ಚಿ ಯಾವುದೋ ಲೋಕಕ್ಕೆ ಹೋಯಿತು. ಸುಶೀಲಾಳ ಅಂಗೈಗಳು ಪುಟ್ಟ ಬೆನ್ನಿನ ಮೇಲೆ ತಪ್ಪದೆ ಓಡಾಡುತ್ತಿದ್ದವು. ಬಟ್ಟೆ ತರಲು ರಶ್ಮಿತಾ ಹೊರಗೆ ಹೋದಳು.

ಸುಶೀಲಾ ತಲೆ ಎತ್ತದೆ, ಬಹಳ ಮೆಲ್ಲಗೆ ಕೇಳಿದರು. "ಹ್ವಾದ ವರ್ಷದಿಂದ ನೀರು ತಣ್ಣಗ ಅದ ಅಂತ ನಾ ಅಂತಿದ್ದೆ. ಊರಿಗೆಲ್ಲ ಬರದ್ರಿ. ಒಮ್ಮೆರ ಕೈ ಇಟ್ಟು ನೋಡಲಿಲ್ಲೇನ್ರಿ?"

ರಾಯರು ಮೊಣಕೈ ಅದ್ದಿ ನೋಡಿ, ಇನ್ನೊಂದು ಚೊಂಬು ನೀರು ತುಂಬಿಕೊಂಡರು.