ಸೊಂಟಕ್ಕೆ ಕಟ್ಟಿದ ಹಗ್ಗ

ಶಹಾಪುರದ ಬೀಜ-ಗೊಬ್ಬರದ ಅಂಗಡಿಯ ಮುಂದೆ ಹೊಸ ನೈಲಾನ್ ಹಗ್ಗದ ಸುರುಳಿಗಳನ್ನು ಪೇರಿಸಿದ್ದರು. ಬಿಸಿಲಿಗೆ ಕಾದ ಹಗ್ಗಕ್ಕೆ ಸೀಮೆಎಣ್ಣೆಯಂಥ ಒಂದು ವಾಸನೆ ಇರುತ್ತದೆ, ನೀವೂ ಗಮನಿಸಿರಬಹುದು. ತೊಗರಿ ಬೀಜ ಕೊಳ್ಳಲು ಹೋದವನು ಬೀಜ ಮರೆತು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಹಲವು ವರ್ಷಗಳ ಹಿಂದಿನ ಮಾತು. ಕಾಲುವೆಗೆ ನೀರು ಬಂದು, ಜೋಳದ ಹೊಲಗಳು ಭತ್ತದ ಗದ್ದೆಗಳಾದ ಕಾಲ ಅದು. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಒಂದು ದಿನ ಕ್ಷೌರದಂಗಡಿಯ ಟಿವಿಯಲ್ಲಿ ಯಾರೋ ಸಮುದ್ರದ ಅಲೆಯ ಮೇಲೆ ಹಲಗೆ ಇಟ್ಟು ನಿಂತು ಬರುವುದನ್ನು ಅರ್ಧ ಗಡ್ಡ ಬೋಳಿಸಿಕೊಂಡು ನೋಡಿದೆ. ಸಮುದ್ರ ಕಂಡವನಲ್ಲ. ಆದರೂ ತಲೆಯಲ್ಲಿ ಹುಳ ಹೊಕ್ಕಿತು. ಜೊತೆಗೆ ಸಿಕ್ಕವನು ಮೌನೇಶ, ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರ. ಮೋಟಾರ್ ಸೈಕಲ್ ಇದ್ದದ್ದು ಅವನ ಹತ್ತಿರ.

ಮೊದಲು ಒಂದು ದುಂಡನೆಯ ಹರಗೋಲಿಗೆ ನನ್ನ ಮಾವನ ಧೋತರವನ್ನೇ ಹಾಯಿಯಾಗಿ ಕಟ್ಟಿ ಕಾಲುವೆಗಿಳಿದೆ. ಗಾಳಿ ಬೀಸಿದ್ದೇ ತಡ, ಹರಗೋಲು ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗತೊಡಗಿತು. ದಂಡೆಯ ಮೇಲೆ ಗಾಡಿ ನಿಲ್ಲಿಸಿ ಮೌನೇಶ ಹೊಟ್ಟೆ ಹಿಡಿದು ನಕ್ಕ. “ಕ್ಯಾಪ್ಟನ್ ಸಾಹೇಬ್ರ, ಸಮುದ್ರ ಯಾವ ದಿಕ್ಕಿಗೈತ್ರಿ?”

ಆಮೇಲೆ ಹಲಗೆಯ ಸರದಿ. ಹಳೆಯ ಬಾಗಿಲಿನದೊಂದು ಹಲಗೆ. ಹೊಸ ನೈಲಾನ್ ಹಗ್ಗದ ಒಂದು ತುದಿ ದಂಡೆಯ ಮೇಲಿನ ಮೋಟಾರ್ ಸೈಕಲ್‌ಗೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ. ಮೌನೇಶ ದಂಡೆಯುದ್ದಕ್ಕೂ ಗಾಡಿ ಓಡಿಸಬೇಕು, ನಾನು ನೀರಿನಲ್ಲಿ ಹಲಗೆಯ ಮೇಲೆ ನಿಲ್ಲಬೇಕು. ನಮ್ಮ ಕಡೆ ಈಜು ಕಲಿಯುವುದು ಬಾವಿಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ ದೊಡ್ಡವರು ಮೇಲೆ ಹಿಡಿದು ನಿಂತಿರುತ್ತಾರೆ. ಸೊಂಟದಲ್ಲಿ ಹಗ್ಗವಿದ್ದರೆ ಜೀವಕ್ಕೆ ಭಯವಿಲ್ಲ ಎಂದೇ ನಾವೆಲ್ಲ ನಂಬಿ ಬೆಳೆದವರು. ಬಾವಿಯ ಹಗ್ಗ ಮೇಲಕ್ಕೆ ಎಳೆಯುತ್ತದೆ, ಗಾಡಿಯ ಹಗ್ಗ ಮುಂದಕ್ಕೆ ಎಳೆಯುತ್ತದೆ ಎಂಬಷ್ಟು ಸಣ್ಣ ಸಂಗತಿ ಇಬ್ಬರು ಮಾಸ್ತರರ ತಲೆಗೆ ಹೊಳೆಯಲಿಲ್ಲ.

ಮೂರು ಸಲ ನಿಂತೆ. ನಾಲ್ಕನೆಯ ಸಲ ಬಿದ್ದೆ. ಕೂಗಿದ್ದು ಗಾಡಿಯ ಸದ್ದಿನಲ್ಲಿ ಮೌನೇಶನಿಗೆ ಕೇಳಲಿಲ್ಲ. ನೀರೊಳಗೇ ಎಳೆದುಕೊಂಡು ಹೋಯಿತು. ಗಂಟು ಬಿಗಿದು ಬಿಚ್ಚಲು ಬಾರದು. ದಂಡೆಯ ಸಿಮೆಂಟಿನ ಮೇಲೆಲ್ಲ ಪಾಚಿ, ಹಿಡಿಯಲು ಏನೂ ಸಿಗದು. ಮೌನೇಶ ತಿರುಗಿ ನೋಡಿ ಗಾಡಿ ನಿಲ್ಲಿಸಿದ್ದು ನನ್ನ ಪುಣ್ಯ. ಮೇಲೆ ಬಂದು ನೀರು ಕಾರಿಕೊಂಡ ನಾನು ಆಡಿದ ಮೊದಲ ಮಾತು ಇದು: “ಇದನ್ನ ಯಾರ ಮುಂದೂ ಹೇಳಬ್ಯಾಡ ಮಾರಾಯ.”

ಆಗ ಇಂಟರ್ನೆಟ್ ಅಂಗಡಿಗಳು ಹೊಸತು. ನನ್ನದೇ ಒಂದು ಜಾಲತಾಣ ಮಾಡಿಕೊಂಡು ‘ಕಾಲುವೆಯಲ್ಲಿ ಕಡಲ ಸಾಹಸ’ ಎಂದು ಬರೆದೆ. ಹಾಯಿಯ ಫೋಟೋ, ಹಲಗೆಯ ಮೇಲೆ ಎದೆ ಉಬ್ಬಿಸಿ ನಿಂತ ಫೋಟೋ. ಮಾಸ್ತರನ ಚಾಳಿ ನೋಡಿ, ಕೊನೆಗೆ ಸೂಚನೆಗಳನ್ನೂ ಸೇರಿಸಿದೆ: ಹಗ್ಗವನ್ನು ಸೊಂಟಕ್ಕೆ ಭದ್ರವಾಗಿ ಕಟ್ಟಿಕೊಂಡರೆ ಹೆದರಬೇಕಾಗಿಲ್ಲ. ಬಿದ್ದದ್ದನ್ನು ಮಾತ್ರ ಬರೆಯಲಿಲ್ಲ. ಓದಿದವರು ನಕ್ಕಾರು ಎಂಬ ಭಯ, ಅಷ್ಟೇ.

ಕೆಂಭಾವಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಭೀಮರಾಯ ಅದನ್ನು ಓದಿದ. ಕಾಗದದ ಮೇಲೆ ಮುದ್ರಿಸಿಕೊಂಡು, ಗೆಳೆಯನ ಗಾಡಿಗೆ ಹಗ್ಗ ಕಟ್ಟಿಸಿ ಕಾಲುವೆಗಿಳಿದ. ಅವನ ಗೆಳೆಯ ತಿರುಗಿ ನೋಡುವುದು ತಡವಾಯಿತು.

ಸಾವಿನ ಸುದ್ದಿ ತಿಳಿದು ಮೂರನೆಯ ದಿನ ಅವನ ಮನೆಗೆ ಹೋದೆ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಶಾಂತಮ್ಮ. ಆ ಕಾಗದ ಅವಳ ಕೈಯಲ್ಲಿತ್ತು.

“ಸರ, ನೀವು ಒಮ್ಮೆರ ಬಿದ್ದಿದ್ರೇನ್ರಿ?”

“ಇಲ್ಲಮ್ಮ” ಎಂದೆ.

ಅವಳು ಪಕ್ಕದಲ್ಲಿ ಕುಳಿತವರ ಕಡೆ ತಿರುಗಿದಳು. “ನೋಡ್ರಿ, ಸರ ಬರೊಬ್ಬರಿ ಮಾಡ್ಯಾರ. ಇಂವನ ಏನೋ ತಪ್ಪು ಮಾಡ್ಕೊಂಡಾನ. ಸಣ್ಣಾಂವ ಇದ್ದಾಗಿಂದ ಹೇಳಿದ ಮಾತು ಕೇಳಂಗಿಲ್ಲ.” ನಾನು ಅವರು ಕೊಟ್ಟ ಚಹಾ ಕುಡಿದು ಎದ್ದು ಬಂದೆ. ಮರುದಿನ ಜಾಲತಾಣವನ್ನು ಅಳಿಸಿದೆ. ತಿದ್ದಬಹುದಿತ್ತು, ತಿದ್ದಲಿಲ್ಲ. ಅಂದಿನಿಂದ ನನಗೆ ನನ್ನ ಮೇಲೆಯೇ ಹೇಸಿಗೆ.

ಇವತ್ತು ಬೀಜದಂಗಡಿಯ ಕಟ್ಟೆಯಿಂದ ಎದ್ದವನು ಮನೆಗೆ ಹೋಗಲಿಲ್ಲ, ಕೆಂಭಾವಿಯ ಬಸ್ಸು ಹತ್ತಿದೆ. ಶಾಂತಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು “ಬರ್ರಿ ಸರ, ಕೂಡ್ರಿ” ಎಂದಳು. ಕೂರಲಿಲ್ಲ, ಕೂತರೆ ಮಾತು ಬಾರದೆಂದು ನಿಂತೇ ಹೇಳಿದೆ.

“ನಾ ಸುಳ್ಳು ಹೇಳಿದ್ದೆರಿ. ನಾನೂ ಬಿದ್ದಿದ್ದೆ, ಸಾಯೋದೊಂದ ಉಳಿದಿತ್ತು. ಅದನ್ನ ಬರೀಲಿಲ್ಲ. ಭೀಮರಾಯ ಏನೂ ತಪ್ಪು ಮಾಡಿಲ್ಲ. ನಾ ಹೆಂಗ ಬರದಿದ್ದೆ, ಹಂಗ ಮಾಡ್ಯಾನ.”

ಮೊರ ಅವಳ ಕೈಯಲ್ಲೇ ನಿಂತಿತು.

“ಬರೊಬ್ಬರಿ ಮಾಡಿದ್ನೇನ್ರಿ?”

“ಹೌದ್ರಿ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. “ಪ್ರತಿ ವರ್ಷಾ ಅವನ ಹೆಸರಿಲೆ ಫೋಟೋದ ಮುಂದ ಎಡಿ ಇಡ್ತೀನ್ರಿ” ಎಂದಳು. “ಬೈಕೋತನ ಇಡ್ತೀನಿ. ಮಾತು ಕೇಳ್ಲಿಲ್ಲ, ನನ್ನ ಬಿಟ್ಟು ಹೋದಿ ಅಂತ.” ಮೊರ ಕೆಳಗಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು, ಅಲ್ಲಿ ಗೋಡೆಯ ಮೇಲಿನ ಅವನ ಫೋಟೋದ ಮುಂದೆ ನಿಂತಿರಬೇಕು.

“ತಪ್ಪಾತೋ ತಮ್ಮಾ. ನಂದು ತಪ್ಪಾತು.”

ನಾನು ಅಂಗಳದಲ್ಲೇ ನಿಂತಿದ್ದೆ.