ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಆ ಎರಡನೆಯದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯಸ್ಸು ಕಳೆದ ಹೆಂಗಸನ್ನು ಊರೆಲ್ಲ ಬ್ರೇಕ್ ಮೇಡಂ ಎಂದೇ ಕರೆಯುತ್ತಿತ್ತು. ಎಷ್ಟೋ ಜನರನ್ನು ಚರಂಡಿಯಿಂದ, ಲೈಟ್ ಕಂಬದಿಂದ, ಎದುರಿಗೆ ಬಂದ ಲಾರಿಯಿಂದ ಉಳಿಸಿದ ಕಾಲು ಅದು. ಒಬ್ಬರನ್ನು ಮಾತ್ರ ಆ ಕಾಲು ಮೂರು ತಿಂಗಳಿಂದ ಬೇಕೆಂದೇ ಗೋಳುಹೊಯ್ದುಕೊಳ್ಳುತ್ತಿತ್ತು.

ಆ ಒಬ್ಬರು ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರು. ಆಸೆಪಟ್ಟು ಕಾರು ಕೊಂಡು, ಓಡಿಸಲು ಬಾರದೆ ಅದಕ್ಕೆ ಮುಸುಕು ಹಾಕಿ ನಿಲ್ಲಿಸಿ, ಕಲಿಯಲು ಬಂದಿದ್ದರು. ಮೊದಲ ದಿನ ಬಾಗಿಲು ತೆಗೆದು ಕೂತವರ ಮುಖ ನೋಡಿದ ಕೂಡಲೇ ಆಕೆಗೆ ಗುರುತು ಸಿಕ್ಕಿತು. ಅವರು ಮಾತ್ರ ನಗುತ್ತ, "ನಮಸ್ಕಾರ ಮೇಡಂ, ನಂಗೆ ಏನೂ ಬರಲ್ಲ. ಸ್ವಲ್ಪ ತಾಳ್ಮೆಯಿಂದ ಹೇಳ್ಕೊಡಿ," ಎಂದರು. ಅವರಿಗೆ ಆಕೆಯ ಗುರುತೇ ಸಿಕ್ಕಿರಲಿಲ್ಲ.

ಇಪ್ಪತ್ತರ ವಯಸ್ಸಿನಲ್ಲಿ ಆಕೆ ಗಣಿತದ ಆನರ್ಸ್ ಸೀಟು ಬೇಡಿಕೊಂಡು ಇದೇ ಮನುಷ್ಯನ ಮುಂದೆ ನಿಂತಿದ್ದಳು. ಕೊಟ್ಟ ಲೆಕ್ಕವನ್ನು ಪುಸ್ತಕದಲ್ಲಿಲ್ಲದ ದಾರಿಯಲ್ಲಿ ಬಿಡಿಸಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಪ್ರೊಫೆಸರು ಅದರ ಮೇಲೆ ಟೀ ಲೋಟ ಇಟ್ಟರು. ಪಕ್ಕದವರ ಜೊತೆ ಯಾರದೋ ವರ್ಗಾವಣೆಯ ಸುದ್ದಿ ಮಾತಾಡುತ್ತ ಟೀ ಮುಗಿಸಿ, ಒದ್ದೆ ಉಂಗುರ ಮೂಡಿದ ಹಾಳೆಯನ್ನು ಓದದೆಯೇ ಹಿಂದಕ್ಕೆ ಕೊಟ್ಟು, "ಎಲ್ಲರ ತಲೆಗೂ ಇದು ಹತ್ತೋದಿಲ್ಲಮ್ಮ. ಮನೆಗೆ ಉಪಯೋಗ ಆಗೋದು ಏನಾದ್ರೂ ಕಲ್ತ್ಕೋ," ಎಂದರು. ಆ ವರ್ಷವೇ ಆಕೆ ಕಾಲೇಜು ಬಿಟ್ಟಳು. ಓದಿ ತಪ್ಪು ಎಂದಿದ್ದರೆ ನಾಲ್ಕು ದಿನ ಅತ್ತು ಮರೆಯುತ್ತಿದ್ದಳೇನೋ. ಓದಲೇ ಇಲ್ಲವಲ್ಲ ಎಂಬುದು ಗಂಟಲಿನ ಮುಳ್ಳಾಗಿ ಉಳಿಯಿತು.

ಈಗ ಕೈಗೆ ಸಿಕ್ಕವರನ್ನು ಬಿಟ್ಟಾಳೆಯೇ? ಪ್ರೊಫೆಸರು ಉಸಿರು ಬಿಗಿಹಿಡಿದು, ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ, ಸರಿಯಾಗಿಯೇ ಗಾಡಿ ಎತ್ತುವ ಹೊತ್ತಿಗೆ ಆಕೆ ತನ್ನ ಬ್ರೇಕನ್ನು ಒಂದಿಷ್ಟೇ ಅದುಮುವಳು. ಇಂಜಿನ್ ಗಕ್ಕನೆ ಆಫ್ ಆಗುವುದು. "ಕ್ಲಚ್ ಬೇಗ ಬಿಟ್ರಿ ಸರ್," ಎನ್ನುವಳು. ಮತ್ತೆ ಎತ್ತಿದರೆ ಮತ್ತೆ ಆಫ್. ಆಕೆಗೆ ಅಚ್ಚುಮೆಚ್ಚಿನ ಜಾಗವೆಂದರೆ ವಿಶ್ವವಿದ್ಯಾಲಯದ ಗೇಟಿನೆದುರಿನ ಏರು. ಹುಡುಗ ಹುಡುಗಿಯರು ಗುಂಪಾಗಿ ಒಳಗೆ ಹೋಗುವ ವೇಳೆ ನೋಡಿಯೇ ಅಲ್ಲಿಗೆ ಕರೆತರುವಳು. ಹಿಂದೆ ಬಸ್ಸಿನವನು ಹಾರನ್ ಒತ್ತಿ ಹಿಡಿಯುವನು. ಅಪಾಯವೇನೂ ಇಲ್ಲ, ಅವಮಾನ ಮಾತ್ರ. "ಸರ್, ನಾವು ತಳ್ಳೋದಾ?" ಎಂದು ಒಬ್ಬ ವಿದ್ಯಾರ್ಥಿ ಕಿಟಕಿಗೆ ಬಗ್ಗಿ ಕೇಳಿದ ದಿನ ಆಕೆ ಮನೆಗೆ ಹೋಗಿ ಎರಡು ತುತ್ತು ಹೆಚ್ಚೇ ಉಂಡಳು.

ಕೊನೆಗೊಂದು ದಿನ ಪ್ರೊಫೆಸರು ಸ್ಟೀರಿಂಗಿಗೆ ಹಣೆ ಹಚ್ಚಿ, "ನನ್ನ ತಲೆಗೆ ಇದು ಹತ್ತೋದಿಲ್ಲ ಮೇಡಂ. ಕಾರು ಮಾರಿಬಿಡ್ತೀನಿ," ಎಂದರು. ತಮ್ಮ ಮಾತೇ ತಮಗೆ ತಿರುಗಿ ಬಂದಿದ್ದು ಅವರಿಗೆ ತಿಳಿಯಲಿಲ್ಲ. ಆಕೆಗೆ ಸಕ್ಕರೆ ತಿಂದಷ್ಟು ಸಂತೋಷವಾಯಿತು, ಆದರೆ ಅರ್ಧವೇ. ಹೊಡೆದವರು ಯಾರೆಂದು ಹೊಡೆಸಿಕೊಂಡವನಿಗೆ ಗೊತ್ತಾಗದಿದ್ದರೆ ಅದೆಂಥ ಸೇಡು?

ಅಷ್ಟರಲ್ಲಿ ಆಕೆಗೆ ಅದೇ ವಿಶ್ವವಿದ್ಯಾಲಯದಿಂದ ಆನರ್ಸ್ ಸಂದರ್ಶನಕ್ಕೆ ಕರೆ ಬಂತು. ಇಷ್ಟು ವರ್ಷ ಆಕೆ ಸುಮ್ಮನೆ ಕೂತಿರಲಿಲ್ಲ. ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಡಿಗ್ರಿಯ ಮೇಲಿನ ಎರಡು ವರ್ಷದ ಆನರ್ಸಿಗೆ ಪ್ರವೇಶ ಪರೀಕ್ಷೆಯನ್ನೂ ಬರೆದಿದ್ದಳು. ಒಳಗೆ ಹೋದರೆ ನಡುವಿನ ಕುರ್ಚಿಯಲ್ಲಿ ಅವರೇ. "ಅರೆ, ನೀವಾ ಮೇಡಂ? ಇವರು ನನ್ನ ಗುರುಗಳು," ಎಂದು ಎದ್ದು ನಿಂತು ಉಳಿದವರಿಗೆ ಪರಿಚಯ ಮಾಡಿಸಿದರು. ಆಕೆಯ ಉತ್ತರಗಳನ್ನು ಈ ಸಲ ಸಾಲು ಸಾಲಾಗಿ ಓದಿದರು. "ಇವರಿಗೆ ನಾನೇ ಗೈಡ್ ಆಗ್ತೀನಿ," ಎಂದರು. ಸೇರುವುದಾದರೆ ವಾರದೊಳಗೆ ಪ್ರವೇಶದ ಕಾಗದಕ್ಕೆ ಇಬ್ಬರೂ ಸಹಿ ಹಾಕಬೇಕಿತ್ತು.

ಆಕೆಗೆ ಸೀಟು ಬೇಕಿತ್ತು. ಸಿಗ್ನಲಿನಲ್ಲಿ ನಿಂತಾಗಲೂ ಮುಂದಿನ ಗಾಡಿಯ ನಂಬರನ್ನು ಒಡೆದು, ಗುಣಿಸಿ, ಭಾಗಿಸಿ ಆಟವಾಡುವ ಹೆಂಗಸು ಆಕೆ. ಆದರೆ ಸೇಡು ತೀರಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ಸೀಟು ಹೋಗುತ್ತದೆ. ಹೇಳದೆ ಸೇರಿದರೆ ಎರಡು ವರ್ಷ ಅದೇ ಮನುಷ್ಯನ ಮುಂದೆ ಒಳ್ಳೆಯ ಶಿಷ್ಯೆಯಾಗಿ ಹಲ್ಲುಗಿಂಜಬೇಕು.

ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಈ ವಿಷಯ ಪೂರ್ತಿ ಗೊತ್ತಿದ್ದದ್ದು ಅವರೊಬ್ಬರಿಗೇ.

"ಸೀಟು ಅವರ ಮುಖದ ಮೇಲೇ ಬಿಸಾಕಿ ಬರ್ತೀನಿ ಅತ್ತೆ," ಎಂದಳು ಸೊಸೆ.

"ಬಿಸಾಕಿದ್ರೆ ಅವರ ಗಂಟೇನು ಹೋಯ್ತು? ಇನ್ನೊಬ್ಬರನ್ನ ಕರೀತಾರೆ. ಸಿಟ್ಟಲ್ಲಿ ಕುಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬರುತ್ತೇನೇ?"

"ಹಾಗಂತ ಬಾಯಿ ಮುಚ್ಕೊಂಡಿರ್ಲಾ?"

"ಮುಚ್ಕೋ ಅಂದೋರ್ಯಾರು? ಮೊದಲು ಸಹಿ ಹಾಕಿಸ್ಕೋ, ಆಮೇಲೆ ಬಾಯಿ ಬಿಡು. ಹಾವು ಸಾಯ್ಬೇಕು, ಕೋಲು ಮುರೀಬಾರ್ದು."

"ಆಮೇಲೂ ಸೀಟು ಕಿತ್ಕೊಂಡ್ರೆ?"

"ಕಾರಣ ಕೇಳಲ್ವಾ ಅಲ್ಲಿ ಕೂತೋರು? ಹೆಂಗಸಿನ ಕಾಲಿಗೆ ಮೂರು ತಿಂಗಳು ಬೇಸ್ತುಬಿದ್ದೆ ಅಂತ ಎದ್ದು ನಿಂತು ಹೇಳ್ತಾರಾ ಆ ಮಹಾಶಯರು?" ಅತ್ತೆ ದಿಂಬಿನ ಕವರನ್ನು ಜಾಡಿಸಿ ಮಡಿಸಿಟ್ಟರು.

ಸಹಿ ಬಿದ್ದ ಮರುದಿನ ಬೆಳಿಗ್ಗೆ ಪ್ರೊಫೆಸರು ಕೊನೆಯ ಪಾಠಕ್ಕೆ ಬಂದರು. ಕಾರಿಗೆ ಗಿರಾಕಿ ಸಿಕ್ಕಿದ್ದಾನೆಂದು ಸಪ್ಪೆಯಾಗಿ ಹೇಳಿದರು. ಗೇಟಿನೆದುರಿನ ಏರಿನಲ್ಲಿ ಗಾಡಿ ನಿಲ್ಲಿಸಲು ಹೇಳಿ, ಆಕೆ ಚಪ್ಪಲಿ ಕಳಚಿ, ಎರಡೂ ಕಾಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಈಗ ಎತ್ತಿ ಸರ್," ಎಂದಳು.

ಕಾರು ಒಂದೇ ಸಲಕ್ಕೆ ಎದ್ದು ಏರು ಹತ್ತಿತು. ಗೇಟು ದಾಟಿತು. ಪ್ರೊಫೆಸರು ಮಗುವಿನ ಹಾಗೆ ನಗುತ್ತ ಆಕೆಯ ಕಡೆ ತಿರುಗಿದರು, ಮಡಿಸಿದ ಕಾಲುಗಳನ್ನು ಕಂಡರು. ನಗು ನಿಂತಿತು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದರು.

"ಇಷ್ಟು ದಿನ ಆಫ್ ಆಗ್ತಿದ್ದಿದ್ದು ನಿಮ್ಮ ಕಾಲಿಂದನಾ?"

"ಹೌದು ಸರ್. ಮೊದಲ ದಿನದಿಂದ."

"ಯಾಕೆ?"

ಆಕೆ ಹೇಳಿದಳು. ಹಾಳೆ, ಲೋಟ, ಅಂದಿನ ಮಾತು, ಒಂದನ್ನೂ ಬಿಡಲಿಲ್ಲ. ಪ್ರೊಫೆಸರ ಮುಖ ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು. ಹಣೆ ತಿಕ್ಕಿಕೊಂಡು, "ನಿಜವಾಗ್ಲೂ ನೆನಪಿಲ್ಲ ಮೇಡಂ," ಎಂದರು.

ಸುಳ್ಳಲ್ಲವೆಂದು ಆಕೆಗೆ ಗೊತ್ತಾಯಿತು. ಅದೇ ಮೈಯೆಲ್ಲ ಉರಿಸಿತು. ಇಷ್ಟು ವರ್ಷ ತಾನೊಬ್ಬಳೇ ಹೊತ್ತಿದ್ದನ್ನು ಅವರು ಅಂದೇ, ಆ ಕೋಣೆಯಲ್ಲೇ ಇಳಿಸಿ ಎದ್ದು ಹೋಗಿದ್ದರು. ಅವರು ಕ್ಷಮೆ ಕೇಳಲು ಬಾಯಿ ತೆರೆದದ್ದು ಕಂಡು ಕೈಯೆತ್ತಿ ತಡೆದಳು.

"ಎರಡು ವರ್ಷ ನಿಮ್ಮೆದುರು ಕೂತ್ಕೊಳ್ತೀನಿ ಸರ್. ನಾನು ಬರೆದ ಒಂದೊಂದು ಸಾಲನ್ನೂ ನೀವು ಓದ್ಬೇಕು. ಅವಸರ ಇಲ್ಲ, ನಿಧಾನವಾಗಿ ನೆನಪು ಮಾಡ್ಕೊಳಿ."

ಆಮೇಲೆ ಚಪ್ಪಲಿ ಮೆಟ್ಟಿ, ಕಾಲನ್ನು ಮೊದಲಿನಂತೆ ಬ್ರೇಕಿನ ಮೇಲಿಟ್ಟಳು. "ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಗಾಡಿ ತೆಗೀರಿ," ಎಂದಳು. ಪ್ರೊಫೆಸರು ಕನ್ನಡಿ ನೋಡಲಿಲ್ಲ. ಆಕೆಯ ಕಾಲನ್ನೇ ನೋಡುತ್ತ ಕೂತರು.