ಕಿಟಕಿಯಿಲ್ಲದ ಡೇರೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ಹಳೆಯ ಅಂಬಾಸಿಡರ್ ಕಾರು ಬಂದಾಗ ಅತ್ತೆ ತಮ್ಮ ಮಗನನ್ನು, ಅಂದರೆ ನನ್ನ ಯಜಮಾನರನ್ನು, ಕೇಳಿದ್ದು ಒಂದೇ: "ಒಂದ್ಸಲ ಸಮುದ್ರ ತೋರ್ಸಪ್ಪ." ಅವರಿಗೆ ಉಬ್ಬಸ. ಛತ್ರದ ಕೋಣೆ, ಅಲ್ಲಿನ ಹೊಗೆ, ಧೂಳು ಯಾವುದೂ ಆಗದು. ಕಾರಿನ ಪಕ್ಕದಲ್ಲೇ ಡೇರೆ ಹಾಕಿ ಮಲಗಿಸಿದರೆ ಹೇಗೆ ಎಂದವಳು ನಾನು. ಯಜಮಾನರು ಒಪ್ಪಿದರು.

ತಿಪಟೂರಿನಲ್ಲಿ ಡೇರೆ ಹೊಲಿಯುವ ಸಾಹೇಬರು ಎರಡನ್ನು ಬಿಚ್ಚಿ ತೋರಿಸಿದರು. ಒಂದು ತೆಳು ಬಟ್ಟೆಯದು, ನೆಟ್ಟಗೆ ನಿಲ್ಲುವಷ್ಟು ಎತ್ತರ, ಎರಡೂ ಕಡೆ ಜಾಲರಿಯ ಕಿಟಕಿ. ಇನ್ನೊಂದು ಎರಡು ಪದರದ ದಪ್ಪ ಕ್ಯಾನ್ವಾಸಿನದು, ಕುಳ್ಳು, ಕಿಟಕಿಯೇ ಇಲ್ಲ. ಮೊದಲನೆಯದೇ ಸರಿ ಎನ್ನಲು ನನಗೆ ಯೋಚನೆ ಮಾಡುವಂಥದ್ದೇನೂ ಕಾಣಲಿಲ್ಲ. ಇವರು ಮಾತ್ರ ದಪ್ಪನೆಯದರ ಮೇಲೆ ಮುಷ್ಟಿಯಿಂದ ಗುದ್ದಿ ನೋಡಿದರು.

"ಮೇಲಿಂದ ಕಾಯಿ ಬಿದ್ರೆ ತಡೀತದಾ?"

"ಕಾಯಿನಾ?" ಎಂದು ಸಾಹೇಬರು ನಕ್ಕರು. "ತಡೀಬೋದು ಅಣ್ಣಾ."

"ಇದೇ ಇರ್ಲಿ."

"ಕಾಯಿ ಬೀಳೋ ಕಡೆ ಯಾಕ್ರೀ ಡೇರೆ ಹಾಕ್ತೀರಾ? ಅತ್ತೆಗೆ ಬೇಕಿರೋದು ಗಾಳಿ" ಎಂದು ಅಂಗಡಿಯಲ್ಲೇ ರೇಗಿದೆ. ಇವರು ನನ್ನ ಕಡೆ ನೋಡಲೂ ಇಲ್ಲ. ದುಡ್ಡು ಎಣಿಸಿಕೊಟ್ಟು ಡೇರೆಯನ್ನು ಕಾರಿಗೆ ಹಾಕಿಸಿದರು.

ಇವರ ತಮ್ಮನ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಆ ಮನೆಗೆ ಬರುವ ಮೊದಲೇ, ಒಂದು ಮಧ್ಯಾಹ್ನ ತೋಟದಲ್ಲಿ ಮಲಗಿದ್ದ ಹುಡುಗನ ತಲೆಯ ಮೇಲೆ ತೆಂಗಿನಕಾಯಿ ಬಿದ್ದು, ಅವನು ತೀರಿಕೊಂಡಿದ್ದ. ಅಂದಿನಿಂದ ಈ ಮನೆಯವರು ಯಾವ ಮರದ ಕೆಳಗೂ ಚಾಪೆ ಹಾಸುವುದಿಲ್ಲ, ಅದು ಹುಣಸೆಮರವಾದರೂ ಸರಿ. ಎಲ್ಲ ಗೊತ್ತಿದ್ದೂ ನನ್ನ ಸಿಟ್ಟು ಇಳಿಯಲಿಲ್ಲ. ಸತ್ತವನಿಗಾಗಿ ಇರುವವರ ಉಸಿರು ಕಟ್ಟಿಸುವುದು ಯಾವ ನ್ಯಾಯ?

ಮಾರನೆಯ ದಿನ, ಹೊರಡುವ ಮೊದಲು ಹೇಗಿದೆ ನೋಡೋಣವೆಂದು, ಮರಗಳಿಂದ ದೂರ, ಕಣದ ಬಯಲಲ್ಲಿ ಇವರು ಡೇರೆ ಹಾಕಿದರು. ಅತ್ತೆ ಬಗ್ಗಿಕೊಂಡು ಒಳಗೆ ಹೋಗಿ ಕೂತರು.

"ಹೆಂಗೈತವ್ವಾ?" ಇವರು ಹೊರಗಿನಿಂದ ಕೇಳಿದರು.

"ಚೆನ್ನಾಗೈತೆ ಬುಡು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಾಗ ಉತ್ತರ ಬರಲಿಲ್ಲ. ಸುಯ್ಯೆಂಬ ಸದ್ದು ಮಾತ್ರ ಕೇಳಿಸಿತು. ನಾನು ಪರದೆ ಕಿತ್ತೆಸೆದು, ತೋಳು ಹಿಡಿದು ಅವರನ್ನು ಹೊರಗೆಳೆದೆ. ತುಟಿ ಕಪ್ಪಿಟ್ಟಿತ್ತು. ಗಾಳಿಗೆ ಮುಖ ಮಾಡಿ ಕೂರಿಸಿ ಬೆನ್ನು ನೀವಿದೆ.

"ಉಸಿರು ಕಟ್ತದೆ ಅಂತ ಒಂದು ಮಾತು ಹೇಳೋಕಾಗಲ್ವಾ ಅವ್ವಾ?" ಇವರು ಪಕ್ಕದಲ್ಲಿ ಕುಕ್ಕರಿಸಿ ಕೇಳಿದರು.

ಉಸಿರು ತಹಬಂದಿಗೆ ಬಂದ ಮೇಲೆ ಅತ್ತೆ ಮಗನ ಕೈ ಹಿಡಿದುಕೊಂಡರು.

"ಅವತ್ತು ನಿನ್ ತಮ್ಮ ಮನೆ ಒಳಗೇ ಮಲಗಿದ್ದ ಕಣಪ್ಪ. ಸೆಕೆ ಐತೆ, ತೋಟದಾಗೆ ಗಾಳಿಗೆ ಮಲ್ಕೋ ಹೋಗು ಅಂತ ಎಬ್ಬಿಸಿ ಕಳ್ಸಿದ್ದು ನಾನು. ಗಾಳಿ ಬೇಕು ಅಂತ ಕೇಳೋಕೆ ನಂಗೆ ಬಾಯಿ ಬರಲ್ಲ."

ಇಷ್ಟು ವರ್ಷ ಯಾರಿಗೂ ಹೇಳದ ಮಾತು. ಇವರು ಹಗ್ಗ ಬಿಚ್ಚಿ, ಡೇರೆ ಮಡಚಿ ಕಾರಿನ ಡಿಕ್ಕಿಗೆ ತುರುಕಿದರು. ಮುಂದಿನ ಬಾಗಿಲು ತೆಗೆದು, "ಬಾ ಅವ್ವ, ತಿಪಟೂರಿಗೆ ಹೋಗಿ ಕಿಟಕಿ ಇರೋ ಡೇರೆನ ನೀನೇ ನೋಡಿ ಆರ್ಸು" ಎಂದರು.

ಅತ್ತೆ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡರು. ಮುಚ್ಚಿದ ಗಾಜನ್ನು ಇಳಿಸುವ ಹಿಡಿಯ ಮೇಲೆ ಕೈಯಿಟ್ಟು, ತಿರುಗಿಸದೆ, ತೆರೆದ ಬಾಗಿಲ ಬಳಿ ನಿಂತಿದ್ದ ನನ್ನ ಮುಖ ನೋಡಿದರು. ನಾನು ಬಗ್ಗಿ ಅವರ ಕೈಯ ಮೇಲೆ ಕೈಯಿಟ್ಟು, ಹಿಡಿ ತಿರುಗಿಸಿ, ಗಾಜನ್ನು ಪೂರ್ತಿ ಇಳಿಸಿದೆ.